ಒಳಚಿಲಕ

ಫೆಬ್ರವರಿ 4, ಮಂಗಳವಾರ

ಡಾಕ್ಟರಮ್ಮ ಹೇಳಿದಳು ಅಂತ ಬರೀತಾ ಇದೀನಿ, ನನಗೇನೂ ತಿಕ್ಕಲು ಹಿಡಿದಿಲ್ಲ. ಬಿ.ಪಿ. ಏರಿ ಕೂತಿದೆಯಂತೆ. "ಸಿಟ್ಟು ಬಂದಾಗ ಕೂಗಾಡಬೇಡಿ, ಒಂದು ಪುಸ್ತಕದಲ್ಲಿ ಬರೀರಿ" ಅಂದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಹೇಳೋ ಮಾತಾ ಇದು? ಅಲ್ಲೇ ಕೂಗಾಡಿದೆ. ಅವಳು ನಕ್ಕು ಇನ್ನೊಂದು ಮಾತ್ರೆ ಜಾಸ್ತಿ ಮಾಡಿದಳು.

ಈ ಪುಸ್ತಕ ಹಾರ್ಡ್‌ವೇರ್ ಅಂಗಡಿಯವನು ಹೊಸ ವರ್ಷಕ್ಕೆ ಬಿಟ್ಟಿ ಕೊಟ್ಟದ್ದು. ನನ್ನ ಬೀಗ-ಕೀಲಿ ಅಂಗಡಿಯಲ್ಲಿ ಅರ ಇಡೋ ಡಬ್ಬಿಯೊಳಗೆ, ಎಣ್ಣೆ ಬಟ್ಟೆಯ ಕೆಳಗೆ ಇಡ್ತೀನಿ. ಯಾರಾದರೂ ಮುಟ್ಟಿದರೆ ಕೈ ಮುರೀತೀನಿ.

ಇವತ್ತಿನ ಸಿಟ್ಟು ಮೊಮ್ಮಗಳ ಮೇಲೆ. ಅಳಿಯ ತೀರಿಕೊಂಡ ಮೇಲೆ ಮಗಳು, ಮೊಮ್ಮಗಳು ಇಬ್ಬರೂ ನನ್ನ ಜೊತೆಗೇ ಇದ್ದಾರೆ, ಅಂಗಡಿಯ ಮೇಲಿನ ಮನೆಯಲ್ಲಿ. ಹುಡುಗಿ ಹುಟ್ಟಿದಾಗಿನಿಂದ ವಟವಟ. ಅದಕ್ಕೇ ಕಪ್ಪೆ ಅಂತ ಕರೆಯೋದು. ಕಾಲೇಜಿನಿಂದ ಬಂದವಳು ಸೀದಾ ಅಂಗಡಿಗೆ ನುಗ್ಗಿ, ಸ್ಟೂಲಿನ ಮೇಲೆ ಕೂತು, ಅಲ್ಲಿ ಹೀಗಾಯಿತು ಇಲ್ಲಿ ಹಾಗಾಯಿತು ಅಂತ ನನ್ನ ತಲೆ ತಿಂದೇ ಮೇಲೆ ಹೋಗ್ತಿದ್ದದ್ದು. ಈಗ ಹಿಂದಿನ ಮೆಟ್ಟಿಲಿಂದ ಹೋಗ್ತಾಳೆ. ಸಂಜೆ ಊಟಕ್ಕೆ ಕೂತಾಗ ಕೇಳಿದೆ, "ಏ ಕಪ್ಪೆ, ಬಾಯಿಗೆ ಬೀಗ ಜಡಿದುಕೊಂಡಿದೀಯಾ? ಕೀಲಿ ಮಾಡಿಕೊಡ್ಲಾ?"

ಮೊದಲಾಗಿದ್ದರೆ ಒಂದಕ್ಕೆ ಎರಡು ಹೇಳೋಳು. ಇವತ್ತು ಬೆಚ್ಚಿಬಿದ್ದಳು. ತಟ್ಟೆ ಕೈಜಾರಿ ಒಡೆಯಿತು. "ಇನ್ನೊಂದು ಒಡೆದರೆ ಕೊಂದ್ಬಿಡ್ತೀನಿ" ಅಂದೆ. ಅದು ನನ್ನ ಬಾಯಿಮಾತು. ತುಕ್ಕು ಹಿಡಿದ ಬೀಗಕ್ಕೂ ಹೇಳ್ತೀನಿ, ಬೆಕ್ಕಿಗೂ ಹೇಳ್ತೀನಿ. ಅವಳು ಮಾತ್ರ ಹಗ್ಗ ಬಿಚ್ಚಿಕೊಂಡ ನಾಯೀನ ನೋಡೋ ಹಾಗೆ ನನ್ನ ನೋಡಿ ಎದ್ದುಹೋದಳು.

ಬರೆದೆ. ಸಿಟ್ಟೇನೂ ಇಳಿದಿಲ್ಲ.

ಫೆಬ್ರವರಿ 6, ಗುರುವಾರ

ಅವಳ ಫೋನು ಗುಂಯ್ ಅಂದರೆ ಸಾಕು, ಮುಖದಲ್ಲಿ ರಕ್ತ ಇರೋದಿಲ್ಲ. ಮೂರು ದಿನದಿಂದ ಗಮನಿಸ್ತಾ ಇದೀನಿ. ಮಗಳೂ ನೋಡಿದ್ದಾಳೆ. ಅವಳಿಗೆ ಆಸ್ಪತ್ರೆ ಲಾಂಡ್ರಿಯಲ್ಲಿ ಮಧ್ಯಾಹ್ನದ ಪಾಳಿ, ಮನೆಗೆ ಬರುವಷ್ಟರಲ್ಲಿ ಹುಡುಗಿ ಮಲಗಿರ್ತಾಳೆ, ಅಥವಾ ಮಲಗಿದ ಹಾಗೆ ಮಾಡ್ತಾಳೆ. "ಒಂದು ಡೈರಿ ಇಟ್ಟುಕೊಂಡಿದ್ದಾಳೆ ಅಪ್ಪಾ, ಬೀಗ ಇರೋದು. ರಾತ್ರಿಯೆಲ್ಲ ಅದರಲ್ಲಿ ಬರೀತಾಳೆ" ಅಂದಳು. ಹುಟ್ಟುಹಬ್ಬಕ್ಕೆ ಗೆಳತಿ ಕೊಟ್ಟದ್ದಂತೆ. ನೋಡಿದೀನಿ ನಾನೂ. ಬೀಗವಾ ಅದು? ಆಟದ ಸಾಮಾನು.

ಪಕ್ಕದ ಅಂಗಡಿಯ ಫೋನ್ ರಿಪೇರಿಯವನ ಹತ್ತಿರ ಹೇಳಿಕೊಂಡೆ. ಒಳ್ಳೆ ಹುಡುಗ, ತಗ್ಗಿಬಗ್ಗಿ ಮಾತಾಡ್ತಾನೆ, ದಿನಾ ಟೀ ತಂದುಕೊಡ್ತಾನೆ. ಹೋದ ತಿಂಗಳು ಕಪ್ಪೆಯ ಫೋನಿನ ಗಾಜು ಒಡೆದಾಗ ಎರಡು ದಿನ ಇಟ್ಟುಕೊಂಡು ಹೊಸದರ ಹಾಗೆ ಮಾಡಿಕೊಟ್ಟ. "ಡೈರಿ ತೆಗೆದು ನೋಡಿಬಿಡ್ಲಾ ಅನ್ನಿಸುತ್ತೆ ಕಣಯ್ಯ" ಅಂದೆ.

"ಛೆ ಛೆ, ಬೇಡಿ ಯಜಮಾನ್ರೆ. ಬೆಳೆದ ಹುಡುಗಿ. ಅವಳಿಗೂ ಖಾಸಗಿ ಅಂತ ಒಂದು ಇರುತ್ತಲ್ಲ" ಅಂದ.

ಈ ಕಾಲದ ಹುಡುಗರಲ್ಲಿ ಇಷ್ಟು ತಿಳುವಳಿಕೆ ಇರೋರು ಕಮ್ಮಿ.

ಫೆಬ್ರವರಿ 9, ಭಾನುವಾರ

ನೆನ್ನೆ ಕಾಲೇಜಿನಿಂದ ಫೋನ್ ಬಂತು. ಕಪ್ಪೆ ಹೋದ ವಾರವೆಲ್ಲ ಕ್ಲಾಸಿಗೇ ಹೋಗಿಲ್ಲವಂತೆ. ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೋಗ್ತಾಳೆ, ಸಂಜೆ ಬರ್ತಾಳೆ. ನಡುವೆ ಎಲ್ಲಿರ್ತಾಳೆ? ಕೇಳಿದರೆ "ಲೈಬ್ರರಿ" ಅಂತಾಳೆ. ಯಾವ ಲೈಬ್ರರಿ ಅಂದರೆ ಗೋಡೆ ನೋಡ್ತಾಳೆ.

ಅವಳು ಸ್ನಾನಕ್ಕೆ ಹೋದಾಗ ಮಗಳು ಡೈರಿ ತಂದು ನನ್ನ ಮುಂದೆ ಇಟ್ಟಳು. "ತೆಗಿ ಅಪ್ಪಾ. ನಿನ್ನ ಕೈಗೆ ಅದೆಷ್ಟು ಹೊತ್ತಿನ ಕೆಲಸ?"

"ಬೀಗ ಯಾರದ್ದೋ ಅವರು ಬಂದು ತೆಗಿ ಅಂದರೇ ನಾನು ತೆಗೆಯೋದು. ಗೊತ್ತಿಲ್ವಾ ನಿನಗೆ?"

"ಅದು ಅಂಗಡಿಯಲ್ಲಿ. ಇದು ಮನೆ."

"ಮನೆ ಆದರೆ ಕೈ ಬೇರೆ ಆಗುತ್ತಾ?"

"ಹಾಗಾದರೆ ನಿನ್ನ ನೇಮ ಇಟ್ಟುಕೊಂಡು ಕೂತಿರು. ನನ್ನ ಮಗಳಿಗೆ ಏನಾದರೂ ಆಗಲಿ" ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಬಾಗಿಲು ದಡಾರ್ ಅನ್ನಿಸಿ ಅಂಗಡಿಗೆ ಬಂದೆ.

ಫೆಬ್ರವರಿ 10, ಸೋಮವಾರ

ಹಿಂದೆ ಹೋದೆ. ಹೌದು, ಅವಳ ಹಿಂದೆಯೇ, ಕಳ್ಳನ ಹಾಗೆ. ಬಸ್ ನಿಲ್ದಾಣದ ಹಿಂದಿನ ಪಾರ್ಕಿನಲ್ಲಿ ಕೂತಿದ್ದಳು, ಒಬ್ಬಳೇ. ಯಾರೂ ಬರಲಿಲ್ಲ. ಯಾವನಾದರೂ ಹುಡುಗ ಬಂದಿದ್ದರೆ ಬಯ್ದು ಕಳಿಸಿ ನೆಮ್ಮದಿಯಾಗಿ ಇರ್ತಿದ್ದೆ. ಸುಮ್ಮನೆ ಕೂತವಳ ಹತ್ತಿರ ಹೋಗಿ ಏನು ಮಾಡಲಿ?

ಫೆಬ್ರವರಿ 12, ಬುಧವಾರ

ಬೀಗ ತೆಗೆದೆ.

ಯಾಕೆ ಅಂತ ಮೊದಲು ಬರೀತೀನಿ. ಸಂಜೆ ಒಣಗಿದ ಬಟ್ಟೆ ತರೋಕೆ ಟೆರೇಸಿಗೆ ಹೋದೆ. ಕಪ್ಪೆ ಅಂಚಿನ ಗೋಡೆ ಮೇಲೆ ಕೂತಿದ್ದಳು, ಕಾಲು ಹೊರಗಡೆ ಬಿಟ್ಟುಕೊಂಡು. ಕೆಳಗೆ ರಸ್ತೆ. ನನ್ನ ಬಾಯಲ್ಲಿ ಕೂಗು ಬಂದು ನಿಂತಿತು. ಕೂಗಿದರೆ ಬೆಚ್ಚಿಬೀಳ್ತಾಳಲ್ಲ, ಮೊನ್ನೆ ತಟ್ಟೆ ಬೀಳಿಸಿದಳಲ್ಲ. ಜನ್ಮದಲ್ಲಿ ಮೊದಲನೇ ಸಲ ಕೂಗು ನುಂಗಿದೆ. "ಟೀ ಮಾಡಿದೀನಿ ಬಾ ಮರಿ, ಆರಿಹೋಗುತ್ತೆ" ಅಂದೆ. ಮಾಡಿರಲೇ ಇಲ್ಲ. ಅವಳು ತಿರುಗಿ ನೋಡಿದಳು. ಒಂದು ಕಾಲು ಒಳಗೆ ಹಾಕಿದಳು. ಆಮೇಲೆ ಇನ್ನೊಂದು. ಅಷ್ಟು ಹೊತ್ತೂ ನಾನು ಒಂದು ಒದ್ದೆ ಟವೆಲ್ ಹಿಡಿದುಕೊಂಡು ನಿಂತಿದ್ದೆ. ಬಟ್ಟೆ ಎಲ್ಲ ಒಣಗಿತ್ತು, ಟವೆಲ್ ಯಾಕೆ ಒದ್ದೆ ಅಂದರೆ ನನ್ನ ಕೈ ಬೆವರು.

ಅವಳು ಕೈಕಾಲು ತೊಳೆಯೋಕೆ ಹೋದಾಗ ಛತ್ರಿ ಕಡ್ಡಿ ತುಂಡು ತಗೊಂಡು ಅವಳ ಹಾಸಿಗೆ ಪಕ್ಕ ಕೂತೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬೀಗ ಬಿಚ್ಚಿಕೊಂಡಿತು. ಪುಸ್ತಕ ತಾನಾಗಿ ನಡುವೆ ತೆರೆದುಕೊಂಡಿತು. ನನಗೆ ಓದೋಕೆ ಹೊತ್ತು ಬೇಕು, ಅಕ್ಷರ ಒಂದೊಂದೇ ಕೂಡಿಸಬೇಕು. ಆದರೆ ಆ ಸಾಲು ಒಂದೇ ಸಲಕ್ಕೆ ಕಣ್ಣಿಗೆ ಹೊಕ್ಕಿತು.

"ಅಜ್ಜನಿಗೆ ಗೊತ್ತಾದರೆ ನನ್ನನ್ನ ಕೊಂದೇ ಬಿಡ್ತಾನೆ."

ಮುಚ್ಚಿಬಿಟ್ಟೆ. ಮರ್ಯಾದೆಗೆ ಮುಚ್ಚಿದ್ದಲ್ಲ, ಹೆದರಿ ಮುಚ್ಚಿದೆ. ಕೈ ತಾನಾಗಿ ಕೆಲಸ ಮಾಡಿತು. ಬೀಗದೊಳಗೆ ಕೊಳೆ ಇತ್ತು, ಊದಿದೆ, ಸಲೀಸಾಗಿ ತಿರುಗಲಿ ಅಂತ ಜೇಬಿನ ಪೆನ್ಸಿಲ್ ಕೆರೆದು ಸೀಸದ ಪುಡಿ ಬಿಟ್ಟೆ, ಒತ್ತಿದೆ, ಇದ್ದ ಜಾಗದಲ್ಲೇ ಇಟ್ಟೆ. ಟೆರೇಸ್ ಬಾಗಿಲಿಗೆ ದೊಡ್ಡ ಬೀಗ ಜಡಿದು ಕೀಲಿ ಕೊರಳಿಗೆ ಹಾಕಿಕೊಂಡೆ.

ಟೆರೇಸಿನ ವಿಷಯ ಮಗಳಿಗೆ ಹೇಳಿದೆ. ಡೈರಿಯ ಬೀಗ ಕೈಗೆ ಬರಲಿಲ್ಲ ಅಂದೆ. ಅವಳು ನಂಬಲಿಲ್ಲ. ಈಗ ಮೇಲೆ ಮಗಳ ಪಕ್ಕ ಕೂತಿದ್ದಾಳೆ.

ಏನು ಗೊತ್ತಾಗಬೇಕು ನನಗೆ? ಏನು ಮಾಡಿಕೊಂಡಿದ್ದಾಳೆ ಹುಡುಗಿ?

ಫೆಬ್ರವರಿ 13, ಗುರುವಾರ

ಬೆಳಗ್ಗೆ ಅಂಗಡಿ ಮುಂದೆ ನಿಂತಿದ್ದಳು, ಡೈರಿ ಎದೆಗೆ ಅವಚಿಕೊಂಡು. ಎಷ್ಟೋ ದಿನದ ಮೇಲೆ ತಾನಾಗಿ ಬಂದಿದ್ದಾಳೆ ಅಂತ ಸ್ಟೂಲ್ ಒರೆಸಿದೆ.

"ನೀನೂನಾ ಅಜ್ಜ?"

"ಏನು ನಾನೂನಾ?"

"ಈ ಬೀಗ ಯಾವಾಗಲೂ ಸಿಕ್ಕಿಹಾಕಿಕೊಳ್ಳೋದು. ಕುಲುಕಿ ಕುಲುಕಿ ತೆಗೀಬೇಕಿತ್ತು. ನೆನ್ನೆ ಬೆಣ್ಣೆಯ ಹಾಗೆ ತಿರುಗಿತು. ನೋಡು, ಕೈಯೆಲ್ಲ ಕಪ್ಪು."

ಬೆರಳು ತೋರಿಸಿದಳು. ಪೆನ್ಸಿಲ್ ಸೀಸ. ಕದ್ದ ಮನೆಯಲ್ಲಿ ಕಸ ಗುಡಿಸಿ ಬರೋ ಕಳ್ಳ ಯಾರಾದರೂ ಇದ್ದಾನಾ? ನಾನಿದೀನಿ. ಅವಳು ಅಳಲಿಲ್ಲ, ನನಗೆ ಅದೇ ಭಯ ಆಯಿತು. ಹಿಂದಿನ ಮೆಟ್ಟಿಲಿಂದ ಮೇಲೆ ಹೋದಳು.

ಪಕ್ಕದವನು ಬಗ್ಗಿ ನೋಡಿ "ಏನಂತೆ ಯಜಮಾನ್ರೆ?" ಅಂದ. ಏನಿಲ್ಲ ಅಂದೆ.

ಫೆಬ್ರವರಿ 14, ಶುಕ್ರವಾರ

ನೀನೂನಾ ಅಂದಳಲ್ಲ. ಹಾಗಾದರೆ ನನಗಿಂತ ಮುಂಚೆ ಯಾರು?

ಊಟ ಸೇರಲಿಲ್ಲ.

ಫೆಬ್ರವರಿ 16, ಭಾನುವಾರ

ಬೆಳಗ್ಗೆ ಎದ್ದು ಅಂಗಡಿಯಿಂದ ಒಂದು ಚಿಲಕ, ಬೈರಿಗೆ, ಸುತ್ತಿಗೆ, ಸ್ಕ್ರೂ ತಗೊಂಡು ಬಂದು ಅವಳ ಕೋಣೆ ಬಾಗಿಲಿಗೆ ಒಳಗಡೆಯಿಂದ ಕೂಡಿಸೋಕೆ ಶುರು ಮಾಡಿದೆ. ಮಗಳು ಓಡಿಬಂದಳು.

"ಅಪ್ಪಾ, ತಲೆ ಕೆಟ್ಟಿದೆಯಾ ನಿನಗೆ? ಇಂಥ ಹೊತ್ತಿನಲ್ಲಿ ಬಾಗಿಲು ಕಿತ್ತುಹಾಕಬೇಕು, ಚಿಲಕ ಹಾಕ್ತಾರಾ? ಒಳಗೆ ಏನಾದರೂ ಮಾಡಿಕೊಂಡರೆ?"

ಅವಳು ಹೇಳಿದ್ದು ಸರಿ. ಇಡೀ ರಾತ್ರಿ ನಾನೂ ಅದನ್ನೇ ಯೋಚಿಸಿದ್ದೆ. ಆದರೆ ತೆಗೆದವನು ನಾನು. ನನ್ನ ಕೈಯಿಂದ ಒಂದು ಬಾಗಿಲು ಮುಚ್ಚಿಕೊಡದಿದ್ದರೆ ಆ ಹುಡುಗಿ ಈ ಮನೆಯಲ್ಲಿ ಉಸಿರು ಬಿಡೋಕೂ ಹೆದರ್ತಾಳೆ. ಇದನ್ನೆಲ್ಲ ಮಗಳಿಗೆ ಹೇಳೋಕೆ ಬರಲಿಲ್ಲ. "ಸ್ಕ್ರೂ ಕೊಡು" ಅಂದೆ ಅಷ್ಟೇ. ಕೊಡಲಿಲ್ಲ. ನಾನೇ ತಗೊಂಡೆ.

ಕಪ್ಪೆ ಹಾಸಿಗೆ ಮೇಲೆ ಕೂತು ನೋಡ್ತಾ ಇದ್ದಳು. ಅವಳಿಗೆ ತೋರಿಸಿ ಹೇಳಿದೆ, "ನೋಡು, ಮೋಟು ಸ್ಕ್ರೂ ಹಾಕಿದೀನಿ. ಭುಜ ಕೊಟ್ಟು ಒಂದು ಸಲ ಗುದ್ದಿದರೆ ಕಿತ್ತು ಬರುತ್ತೆ. ಉದ್ದದ್ದು ಹಾಕೋ ಧೈರ್ಯ ನನಗಿಲ್ಲ. ನಾನಾಗಿ ಗುದ್ದೋದಿಲ್ಲ. ಗುದ್ದೋ ಹಾಗೆ ನೀನೂ ಮಾಡಬೇಡ. ನೀನು ಏನು ಮಾಡಿಕೊಂಡಿದ್ದರೂ ಸರಿ."

ಹೊರಗೆ ಬಂದೆ. ಟಕ್ ಅಂತ ಚಿಲಕ ಬಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಮಗಳು ಮುಖ ತಿರುಗಿಸಿಕೊಂಡು ಎದುರಿಗೆ ಕೂತಳು. ಬಿಸಿಲು ಗೋಡೆಯಿಂದ ಗೋಡೆಗೆ ಹೋಯಿತು. ಅವಳು ಹಾಲು ತರೋಕೆ ಅಂತ ಕೆಳಗಿಳಿದ ಮೇಲೆ ಒಳಗಿಂದ ದನಿ ಬಂತು, ನನ್ನ ಬೆನ್ನ ಹಿಂದೇನೇ. ಕಪ್ಪೆಯೂ ಬಾಗಿಲಿಗೆ ಒರಗಿ ಕೂತಿದ್ದಳು ಅಂತ ಕಾಣುತ್ತೆ.

"ಎಷ್ಟು ಓದಿದೆ?"

"ಒಂದು ಸಾಲು."

"ಯಾವುದು?"

ಹೇಳಿದೆ. ನನ್ನ ಭುಜ ತಾನಾಗಿ ಬಾಗಿಲ ಕಡೆ ತಿರುಗ್ತಾ ಇತ್ತು.

"ಮತ್ತೆ? ಕೊಲ್ತೀಯಾ?"

"ಬಾಯಿಗೆ ಬಂದದ್ದು ಒದರ್ತೀನಿ ಕಣೇ. ನಾನು ಒಂದು ಇಲೀನಾದರೂ ಕೊಂದದ್ದು ನೋಡಿದೀಯಾ? ಬೇಕಾದರೆ ನಿಮ್ಮಜ್ಜೀನ ಕೇಳು."

"ಅಜ್ಜಿ ಸತ್ತುಹೋಗಿದ್ದಾಳೆ."

"ಅದು ನಾನಲ್ಲ. ಅವಳೇ ಸತ್ತಳು."

ಒಳಗೆ ಒಂದು ಸದ್ದು ಬಂತು. ನಗುವೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ಅಳು ಅಂತ ಗೊತ್ತಾಯಿತು. ಅಳ್ತಾನೇ ಹೇಳಿದಳು.

ಫೋನಿನವನು. ಪಕ್ಕದ ಅಂಗಡಿಯವನು. ರಿಪೇರಿಗೆ ಕೊಟ್ಟ ಎರಡು ದಿನದಲ್ಲಿ ಅವಳ ಫೋನಿನಲ್ಲಿದ್ದದ್ದನ್ನೆಲ್ಲ ತನ್ನದಕ್ಕೆ ತುಂಬಿಕೊಂಡಿದ್ದಾನೆ. ಅವಳು ಯಾರಿಗೆ ಏನು ಬರೆದಳು, ಯಾವ ಫೋಟೊ ಇಟ್ಟುಕೊಂಡಿದ್ದಳು, ಎಲ್ಲ. ಸಂಜೆ ಶಟರ್ ಎಳೆದ ಮೇಲೆ ಒಬ್ಬಳೇ ಬಾ ಅಂತಾನಂತೆ. ಬರದಿದ್ದರೆ ಎಲ್ಲಾನೂ ನಿಮ್ಮಜ್ಜನಿಗೆ ತೋರಿಸ್ತೀನಿ ಅಂತಾನಂತೆ.

"ಹೋದೆಯಾ?" ಅಂದೆ.

"ಇಲ್ಲ. ಈ ವಾರದ ಒಳಗೆ ಬಾ ಅಂದಿದ್ದಾನೆ."

ನನ್ನ ಹೆಸರು ಹೇಳಿ ಹೆದರಿಸಿದ್ದಾನೆ. ಪೋಲೀಸರದ್ದಲ್ಲ, ಅವಳಮ್ಮನದ್ದಲ್ಲ. ನನ್ನದು.

ಫೋನ್ ತೆಗೆಯೋ ನಂಬರ್ ಅವನಿಗೆ ಹೇಳಿದ್ದೂ ನಾನೇ. "ಗಾಜು ಪರೀಕ್ಷೆ ಮಾಡಬೇಕು ಯಜಮಾನ್ರೆ" ಅಂದ. ಮೇಲೆ ಹೋಗಿ ಅವಳನ್ನ ಕೇಳಿ ಬಂದು, ರಸ್ತೆಗೆಲ್ಲ ಕೇಳೋ ಹಾಗೆ ಕೂಗಿ ಹೇಳಿದ್ದೆ. ಬೇರೆಯವರ ಬೀಗ ತೆಗೆಯೋನು ಒಳಗೆ ಇಣುಕಲ್ಲ ಅಂತ ನನ್ನ ಎಣಿಕೆ. ನಾನು ಇಣುಕಲ್ಲವಲ್ಲ, ಅದಕ್ಕೆ. ಬುಧವಾರದವರೆಗೆ ಇಣುಕಿರಲಿಲ್ಲವಲ್ಲ.

ಎದ್ದೆ. ಸುತ್ತಿಗೆ ಕೈಯಲ್ಲಿತ್ತು, ಯಾವಾಗ ಎತ್ತಿಕೊಂಡೆನೋ. "ಅಜ್ಜ, ಇದಕ್ಕೇ ನಾನು ಹೇಳದೆ ಇದ್ದದ್ದು!" ಅಂತ ಒಳಗಿಂದ ಕೂಗಿದಳು. "ನೀನು ಹೋಗಿ ಕೂಗಾಡಿದರೆ ಅವನು ಎಲ್ಲರಿಗೂ ಕಳಿಸಿಬಿಡ್ತಾನೆ. ಅಮ್ಮನಿಗೆ ನಾನೇ ಹೇಳಬೇಕು. ಆಮೇಲೆ ಸ್ಟೇಷನ್ನಿಗೆ ನಾನೇ ಹೋಗ್ತೀನಿ. ನನಗೆ ನಾಳೆ ಒಂದು ದಿನ ಕೊಡು."

ಕೂತೆ.

ಫೆಬ್ರವರಿ 17, ಸೋಮವಾರ

ಅಂಗಡಿ ತೆಗೆಯದಿದ್ದರೆ ಅನುಮಾನ ಬರುತ್ತೆ ಅಂತ ತೆಗೆದೆ. ಇಂಥ ದಿನ ಶತ್ರುವಿಗೂ ಬೇಡ.

ಅವನು ಟೀ ತಂದ. ಗ್ಲಾಸು ನನ್ನ ಕೈಗೆ ಕೊಟ್ಟ. ಅವನ ಜೇಬಿನಲ್ಲಿ ಫೋನು. ನನ್ನ ಮೊಮ್ಮಗಳು ಆ ಜೇಬಿನಲ್ಲಿದ್ದಾಳೆ ಅನ್ನಿಸಿತು.

"ಮೊಮ್ಮಗಳು ಹೇಗಿದ್ದಾಳೆ ಯಜಮಾನ್ರೆ? ಕಾಣೋದೇ ಇಲ್ಲ."

"ಜ್ವರ."

"ಅಯ್ಯೋ ಪಾಪ." ಅಲ್ಲೇ ನಿಂತ. "ನೀವೂ ಯಾಕೋ ತಣ್ಣಗಿದ್ದೀರಿ. ಬೆಳಗ್ಗೆಯಿಂದ ಒಂದು ಬೈಗುಳಾನೂ ಕೇಳಿಸಲಿಲ್ಲ?"

ನಾನು ಸುಮ್ಮನಿದ್ದರೆ ಇವನಿಗೆ ಗೊತ್ತಾಗುತ್ತೆ. ಬೈಯಬೇಕು, ದಿನಾ ಬೈಯೋ ಹಾಗೆ. "ಟೀನಾ ಇದು, ಬಚ್ಚಲು ನೀರು! ಇನ್ನೊಂದು ಸಲ ಇಂಥದ್ದು ತಂದರೆ..." ಅಂದೆ. ಮುಂದಿನ ಮಾತು ಬರಲಿಲ್ಲ. ದಿನಕ್ಕೆ ಹತ್ತು ಸಲ ಆಡೋ ಮಾತು. ಇವತ್ತು ಅದು ನಿಜವಾಗಿತ್ತು.

"ತಂದರೆ?" ಅಂದ, ನಗ್ತಾ.

"ಅಂಗಡಿ ಮೆಟ್ಟಿಲು ಹತ್ತಿಸಲ್ಲ."

ಹೋದ. ನಂಬಿದನೋ ಇಲ್ಲವೋ. ಆಮೇಲೆ ಕೊರೆದ ಕೀಲಿ ಎಲ್ಲ ಹಾಳಾಯಿತು, ಒಂದೂ ಕೂರಲಿಲ್ಲ. ಅವನು ಫೋನ್ ಕೈಗೆತ್ತಿಕೊಂಡಾಗಲೆಲ್ಲ ಈಗ ಕಳಿಸ್ತಾನೆ ಅನ್ನಿಸೋದು.

ಮೇಲೆ ತಾಯಿ ಮಗಳು ಮಾತಾಡ್ತಾ ಇದ್ದರು. ಮಗಳು ಜೋರಾಗಿ ಅತ್ತದ್ದು ಕೇಳಿಸಿತು. ನಾನು ಮೆಟ್ಟಿಲು ಹತ್ತಲಿಲ್ಲ.

ಫೆಬ್ರವರಿ 18, ಮಂಗಳವಾರ

ಸ್ಟೇಷನ್ನಿಗೆ ಮೂರೂ ಜನ ಹೋದೆವು. ಅಲ್ಲಿ ಒಬ್ಬ ಹೆಣ್ಣುಮಗಳು ಅಧಿಕಾರಿ, ವಯಸ್ಸು ನನ್ನ ಮಗಳದ್ದೇ. ಅವನು ಕಳಿಸಿದ್ದನ್ನು ಕಪ್ಪೆ ಹೆದರಿ ಅಳಿಸಿಬಿಟ್ಟಿದ್ದಳು. ಆದರೆ ಯಾವ ದಿನ ಏನು ಅಂದ ಅಂತ ಡೈರಿಯಲ್ಲಿ ಬರೆದಿದ್ದಾಳೆ. ಅಧಿಕಾರಿ ಕೈ ಚಾಚಿದಳು. ಕಪ್ಪೆ ಕೊಡಲಿಲ್ಲ. "ಅದಕ್ಕೆ ಸಂಬಂಧಪಟ್ಟ ಹಾಳೆ ಮಾತ್ರ ತೋರಿಸ್ತೀನಿ, ನಾನೇ ಹಿಡಿದುಕೊಂಡು" ಅಂದಳು. ಅಲ್ಲಿ ಹಾಗೆ ಮಾತಾಡೋಕೆ ನನಗೂ ಧೈರ್ಯ ಬರ್ತಿರಲಿಲ್ಲ. "ಆಯ್ತಮ್ಮ" ಅಂದಳು ಅಧಿಕಾರಿ.

"ತಾತ, ನೀವು ಇದನ್ನ ಓದಿದೀರಾ?"

"ಒಂದು ಸಾಲು. ಕದ್ದು."

ಅಮ್ಮನನ್ನ ಒಳಗೆ ಇರಿಸಿಕೊಂಡಳು ಕಪ್ಪೆ. ನನ್ನ ಕಡೆ ನೋಡಿದಳು. ನಾನೇ ಎದ್ದು ಹೊರಗಿನ ಬೆಂಚಿಗೆ ಬಂದೆ. ಗೋಡೆಯ ಆಚೆ ಅವಳು ಹೇಳ್ತಾ ಇದ್ದದ್ದು ಗುಣುಗುಣು ಅಂತ ಕೇಳ್ತಿತ್ತು. ಎದ್ದು ಗೇಟಿನ ಹತ್ತಿರ ಹೋಗಿ ನಿಂತೆ.

ಮಗಳು ಹೊರಬಂದಾಗ ಕಣ್ಣು ಊದಿಕೊಂಡಿತ್ತು. ಅವಳಿಗೆ ಈಗ ಎಲ್ಲ ಗೊತ್ತು. ನನಗೆ ಗೊತ್ತಿಲ್ಲ. ಕೇಳಿದರೆ ಹೇಳ್ತಿದ್ದಳೇನೋ. "ಬಸ್ಸು ಬಂತು" ಅಂದೆ.

ಫೆಬ್ರವರಿ 21, ಶುಕ್ರವಾರ

ಅವನನ್ನ ಎಳೆದುಕೊಂಡು ಹೋದರು. ಅಂಗಡಿಗೆ ಸೀಲು. ಫೋನು, ಕಂಪ್ಯೂಟರು ಎಲ್ಲ ಹೊತ್ತುಕೊಂಡು ಹೋದರು. ಇನ್ನೂ ಬೇರೆ ಹುಡುಗಿಯರದ್ದೂ ಇತ್ತಂತೆ. ಮುಂಚೆಯೇ ಯಾರಿಗಾದರೂ ಕಳಿಸಿದ್ದಾನಾ ಅಂತ ಅಧಿಕಾರಿಯನ್ನ ಕೇಳಿದೆ. "ಕಳಿಸಿಲ್ಲ ಅಂತಾನೆ. ನೋಡ್ತಾ ಇದೀವಿ" ಅಂದಳು. ಆ "ನೋಡ್ತಾ ಇದೀವಿ" ಎದೆಯಲ್ಲೇ ಕೂತುಬಿಟ್ಟಿದೆ. ರಸ್ತೆಯಲ್ಲಿ ಯಾವನಾದರೂ ಫೋನ್ ನೋಡಿ ನಕ್ಕರೆ ನಿಂತು ಅವನ ಮುಖವನ್ನೇ ನೋಡ್ತೀನಿ.

ಎದುರಂಗಡಿಯ ಕ್ಷೌರದವನು ಬಂದು ಕೌಂಟರಿಗೆ ಒರಗಿದ. "ಏನಿತ್ತಂತಣ್ಣ ಮೊಮ್ಮಗಳ ಫೋನಲ್ಲಿ?"

"ಗೊತ್ತಿಲ್ಲ."

"ನಿನಗೇ ಗೊತ್ತಿಲ್ಲ ಅಂದರೆ ನಂಬ್ತಾರಾ ಯಾರಾದರೂ?"

"ನಿನ್ನ ಫೋನ್ ತೆಗಿ. ನಂಬರ್ ಹೇಳು. ರಸ್ತೆ ಮಧ್ಯೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಎಲ್ಲರಿಗೂ ಓದಿಹೇಳ್ತೀನಿ. ಆಗಬಹುದಾ?"

ಜೇಬಿನ ಮೇಲೆ ಕೈ ಇಟ್ಟುಕೊಂಡು ಹೋದ. ಇದನ್ನೆಲ್ಲ ಕೂಗದೇ ಹೇಳಿದೆ. ಕ್ಷೌರದವನಿಗೆ ಅದೇ ವಿಚಿತ್ರ ಅನ್ನಿಸಿತೇನೋ.

ಮಾರ್ಚ್ 9, ಭಾನುವಾರ

ಡಾಕ್ಟರಮ್ಮ ಬಿ.ಪಿ. ನೋಡಿ "ಬರೆದದ್ದು ಕೆಲಸ ಮಾಡಿದೆ" ಅಂದಳು. ಏನು ಮಣ್ಣು ಕೆಲಸ, ಮೊದಲಿಗಿಂತ ಹೆಚ್ಚು ಹೆದರ್ತೀನಿ ನಾನು.

ಮಧ್ಯಾಹ್ನ ಕಪ್ಪೆ ಅಂಗಡಿಗೆ ಬಂದಳು. ಮುಂದಿನ ಬಾಗಿಲಿಂದ. ಸ್ಟೂಲ್ ಎಳೆದುಕೊಂಡು ಕೌಂಟರಿನ ಮೇಲೆ ಡೈರಿ ಇಟ್ಟು ಬರೆಯೋಕೆ ಕೂತಳು. ನಾನು ಕೀಲಿ ಉಜ್ಜುತ್ತಾ ಇದ್ದೆ. ಅರದ ಸದ್ದು ಜಾಸ್ತಿ ಆಯಿತೇನೋ ಅಂತ ನಿಧಾನ ಮಾಡಿದೆ. ಎಷ್ಟೋ ಹೊತ್ತಾದ ಮೇಲೆ ನೀರು ಕುಡಿಯೋಕೆ ಅಂತ ಎದ್ದು ಮೇಲೆ ಹೋದಳು.

ತಿರುಗಿ ನೋಡಿದರೆ ಡೈರಿ ಬಿಚ್ಚಿದ ಹಾಗೇ ಇದೆ. ನನ್ನ ಮೊಣಕೈ ಪಕ್ಕದಲ್ಲಿ. ಬರೆದದ್ದರ ಮಸಿ ಇನ್ನೂ ಆರಿಲ್ಲ. ಫ್ಯಾನಿನ ಗಾಳಿಗೆ ಹಾಳೆ ಎದ್ದೆದ್ದು ಬೀಳ್ತಾ ಇದೆ.

ಮುಚ್ಚೋಣ ಅಂದರೆ ಮುಟ್ಟಬೇಕು. ಮುಟ್ಟಿದರೆ ಕಣ್ಣಿಗೆ ಏನಾದರೂ ಬಿದ್ದುಬಿಟ್ಟರೆ? ಮುಚ್ಚಿದ್ದು ನೋಡಿ ಓದಿದ ಅಂದುಕೊಂಡರೆ? ಎದ್ದು ಹೊರಗೆ ಹೋಗೋಣ ಅಂದರೆ ಬೀದಿಯಲ್ಲಿ ಹೋಗೋ ಯಾವನಾದರೂ ಬಗ್ಗಿ ನೋಡಿಬಿಟ್ಟರೆ? ಕೌಂಟರಿಗೆ ಬೆನ್ನು ಮಾಡಿ ಅಡ್ಡ ನಿಂತು ಮಹಡಿಯ ಕಡೆ ಕಿರುಚಿದೆ, ಒಂದು ತಿಂಗಳಿಂದ ಕಿರುಚಿರಲಿಲ್ಲ, ಸೇರಿಸಿ ಕಿರುಚಿದೆ:

"ಏ ಕಪ್ಪೇ! ನಿನ್ನ ಪುಸ್ತಕ ಬಿಚ್ಚಿಟ್ಟು ಹೋಗಿದೀಯ ಕಣೇ!"

ಮೇಲಿಂದ ದನಿ ಬಂತು,

"ಗೊತ್ತು ಅಜ್ಜ. ನೀರು ಕುಡಿದು ಬರ್ತೀನಿ ಇರು."

ಬೇಗ ಬರಲೇ ಇಲ್ಲ ಕತ್ತೆ. ನಾನು ಹಾಗೇ ನಿಂತಿದ್ದೆ.